ಬೇಲಿಯಿಲ್ಲದ ಕಾಡಿನಲ್ಲಿ ನಾಲ್ಕು ರಾತ್ರಿ: ಬೋಟ್ಸ್ವಾನಾದ ಮೊರೆಮಿಯಲ್ಲಿ ಟೆಂಟ್ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಅಂದರೆ ಇಲಾಖೆಯ ಬಸ್ಸು ಅಥವಾ ಜೀಪು. ಡ್ರೈವರ್ ಇರುತ್ತಾರೆ. ಒಂದಿಷ್ಟು ಹೊತ್ತು ಸುತ್ತಿ ವಾಪಸ್ ಬರುತ್ತೇವೆ. ರಾತ್ರಿ ಕಾಡು ಪ್ರಾಣಿಗಳದ್ದು, ನಾವು ಕೋಣೆಯೊಳಗೆ. ಆಫ್ರಿಕಾದ ಬೋಟ್ಸ್ವಾನಾ ದೇಶದ ಮೊರೆಮಿ ಅಭಯಾರಣ್ಯದಲ್ಲಿ ಹಾಗಲ್ಲ. ಗಾಡಿ ನೀವೇ ಓಡಿಸುತ್ತೀರಿ. ಟೆಂಟ್ ನೀವೇ ಹಾಕುತ್ತೀರಿ. ಅಡುಗೆ ನೀವೇ ಮಾಡುತ್ತೀರಿ. ರಾತ್ರಿ ಸಿಂಹ, ಆನೆ, ಕತ್ತೆಕಿರುಬ ಓಡಾಡುವ ಜಾಗದಲ್ಲೇ ಮಲಗುತ್ತೀರಿ. ಸುತ್ತ ಬೇಲಿ ಇಲ್ಲ, ಕಾವಲುಗಾರನಿಲ್ಲ, ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ.

ಕೇಳಿದರೆ ಭಯವಾಗುತ್ತದೆ, ನಿಜ. ನಾನು ಕೆಲಸದ ಮೇಲೆ ಅಲ್ಲಿನ ರಾಜಧಾನಿ ಗ್ಯಾಬರೋನ್‌ನಲ್ಲಿ ನಾಲ್ಕು ವರ್ಷ ಇದ್ದಾಗ ಮೊರೆಮಿಗೆ ಐದು ಸಲ ಹೋದೆ. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಐದನೇ ಸಲ ಒಂಬತ್ತನೇ ವಯಸ್ಸಿನ ಮಗಳನ್ನೂ ಕರೆದುಕೊಂಡು ಹೋದೆ. ನಡುವೆ ಕಲಿತದ್ದು ಧೈರ್ಯವನ್ನಲ್ಲ, ಹೊತ್ತನ್ನು. ಅಲ್ಲಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಕತ್ತಲಾದ ಮೇಲೆ ಮಾಡುವ ಕೆಲಸದಿಂದ ಆಗುತ್ತವೆ. ಯಾವ ಕೆಲಸ ಯಾವ ಹೊತ್ತಿಗೆ ಮುಗಿದಿರಬೇಕು ಎನ್ನುವುದೇ ಈ ಬರಹದ ಉದ್ದಕ್ಕೂ ಬರುತ್ತದೆ.

ಜಾಗದ ಬಗ್ಗೆ ಸ್ವಲ್ಪ

ಮೊರೆಮಿ ಇರುವುದು ಒಕವಾಂಗೊ ನದಿಯ ಮುಖಜಭೂಮಿಯಲ್ಲಿ. ಈ ನದಿ ಸಮುದ್ರ ಸೇರುವುದಿಲ್ಲ. ಅಂಗೋಲಾದ ಬೆಟ್ಟಗಳಲ್ಲಿ ಬಿದ್ದ ಮಳೆನೀರು ತಿಂಗಳುಗಟ್ಟಲೆ ನಿಧಾನವಾಗಿ ಹರಿದು ಬಂದು ಕಲಹಾರಿಯ ಮರಳಿನಲ್ಲಿ ಹರಡಿ, ಬಹುಪಾಲು ಆವಿಯಾಗಿ, ಉಳಿದದ್ದು ಇಂಗಿಹೋಗುತ್ತದೆ. ಹಾಗಾಗಿ ಒಂದು ವಿಚಿತ್ರ. ಇಲ್ಲಿ ಮಳೆ ನಿಂತು ಎಲ್ಲ ಒಣಗಿರುವ ಜೂನ್, ಜುಲೈ ತಿಂಗಳಲ್ಲೇ ಪ್ರವಾಹದ ನೀರು ತುಂಬುತ್ತದೆ. ಪ್ರಾಣಿಗಳು ಅಷ್ಟು ಜಾಸ್ತಿ ಇರುವುದಕ್ಕೆ ಅದೇ ಕಾರಣ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಾವಿರನೇ ತಾಣ ಈ ಒಕವಾಂಗೊ.

ಅಭಯಾರಣ್ಯ ಶುರುವಾದದ್ದು 1963ರಲ್ಲಿ. ಬೇಟೆ ಮಿತಿಮೀರಿದಾಗ ಆ ಪ್ರದೇಶದ ಬಟವಾನಾ ಬುಡಕಟ್ಟಿನ ಜನ ತಮ್ಮದೇ ನೆಲವನ್ನು ಪ್ರಾಣಿಗಳಿಗೆ ಬಿಟ್ಟುಕೊಟ್ಟರು. ಆಗ ಮುಂದೆ ನಿಂತವರು ತೀರಿಕೊಂಡ ದೊರೆ ಮೂರನೇ ಮೊರೆಮಿಯ ಪತ್ನಿ. ಈಗ ಸುಮಾರು 5,000 ಚದರ ಕಿಲೋಮೀಟರ್. ನಮ್ಮ ಬಂಡೀಪುರದ ಹೆಚ್ಚುಕಡಿಮೆ ಐದರಷ್ಟು.

ಯಾವಾಗ ಹೋಗಬೇಕು, ಎಲ್ಲಿ ತಂಗಬೇಕು

ಮೊದಲ ಸಲ ಹೋಗುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಮಳೆ ಇರುವುದಿಲ್ಲ, ಸೊಳ್ಳೆ ಕಡಿಮೆ, ಹುಲ್ಲು ಒಣಗಿ ಬಾಗಿರುವುದರಿಂದ ಪ್ರಾಣಿಗಳು ಕಾಣುತ್ತವೆ. ಆದರೆ ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಫ್ರಿಕಾ ಅಂದರೆ ಸೆಕೆ ಎಂದುಕೊಂಡು ಬಂದವರು ಜೂನ್ ರಾತ್ರಿಯಲ್ಲಿ ನಡುಗಿದ್ದನ್ನು ನೋಡಿದ್ದೇನೆ. ಬೆಳಗಿನ ಜಾವ 5 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ದಪ್ಪ ಸ್ಲೀಪಿಂಗ್ ಬ್ಯಾಗ್, ಉಣ್ಣೆ ಟೋಪಿ ಬೇಕೇ ಬೇಕು. ಅಕ್ಟೋಬರ್‌ನಲ್ಲಿ ಅದೇ ಜಾಗ 40 ಡಿಗ್ರಿ ಕಾಯುತ್ತದೆ. ನವೆಂಬರ್‌ನಿಂದ ಮಾರ್ಚ್ ಮಳೆಗಾಲ. ಕಪ್ಪು ಮಣ್ಣಿನಲ್ಲಿ ಗಾಡಿ ಹೂತರೆ ಎತ್ತುವವರು ಸಿಗುವುದಿಲ್ಲ, ಅನುಭವ ಇಲ್ಲದಿದ್ದರೆ ಬೇಡ.

ಸಾರ್ವಜನಿಕರಿಗೆ ಇರುವ ಮುಖ್ಯ ಕ್ಯಾಂಪ್‌ಗಳು ನಾಲ್ಕು. ದಕ್ಷಿಣ ಗೇಟಿನ ಪಕ್ಕದಲ್ಲೊಂದು. ಒಳಗೆ ಥರ್ಡ್ ಬ್ರಿಡ್ಜ್ ಮತ್ತು ಕಕನಾಕ. ಉತ್ತರ ಗೇಟಿನಲ್ಲಿ ಖ್ವಾಯ್ ನದಿ ದಂಡೆಯದು. ಮೊದಲ ರಾತ್ರಿ ದಕ್ಷಿಣ ಗೇಟ್, ಆಮೇಲೆ ಎರಡು ರಾತ್ರಿ ಥರ್ಡ್ ಬ್ರಿಡ್ಜ್, ಕೊನೆಗೆ ಒಂದು ರಾತ್ರಿ ಖ್ವಾಯ್. ನನ್ನ ಪ್ರಕಾರ ಇದೇ ಸರಿಯಾದ ಅನುಕ್ರಮ. ಗೇಟಿನ ಹತ್ತಿರದ ಕ್ಯಾಂಪ್‌ನಲ್ಲಿ ಮೊದಲ ರಾತ್ರಿ ಕಳೆದರೆ ಯಾವ ಸಾಮಾನು ಎಲ್ಲಿದೆ ಎಂದು ಕೈಗೆ ಗೊತ್ತಾಗುತ್ತದೆ. ಮರೆತದ್ದೇನು ಎಂದೂ ಗೊತ್ತಾಗುತ್ತದೆ. ಇನ್ನೂ ವಾಪಸ್ ಹೋಗಿ ತರಬಹುದಾದ ದೂರದಲ್ಲಿ ಇರುತ್ತೀರಿ.

ಬುಕ್ಕಿಂಗ್ ಮತ್ತು ಕಾಗದಪತ್ರ

ಕ್ಯಾಂಪ್‌ಸೈಟ್‌ಗಳನ್ನು ಖಾಸಗಿಯವರು ನಡೆಸುತ್ತಾರೆ. ಎಲ್ಲ ಕ್ಯಾಂಪೂ ಒಂದೇ ಕಂಪನಿಯದಲ್ಲ, ಹಾಗಾಗಿ ಬುಕ್ಕಿಂಗ್ ಬೇರೆ ಬೇರೆ ಕಡೆ ಮಾಡಬೇಕು. ಅಭಯಾರಣ್ಯದ ಪ್ರವೇಶ ಶುಲ್ಕ ಇದರಲ್ಲಿ ಸೇರಿರುವುದಿಲ್ಲ, ಅದನ್ನು ವನ್ಯಜೀವಿ ಇಲಾಖೆಗೆ ಪ್ರತ್ಯೇಕವಾಗಿ ಕಟ್ಟಬೇಕು. ಜುಲೈ, ಆಗಸ್ಟ್‌ಗೆ ಜಾಗ ಬೇಕಿದ್ದರೆ ಎಂಟು ಹತ್ತು ತಿಂಗಳು ಮೊದಲೇ ಮಾಡಿಸಿ. ಬುಕ್ಕಿಂಗ್ ಚೀಟಿಯನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳಿ. ಗೇಟಿನಲ್ಲಿ ಫೋನ್ ತೋರಿಸೋಣ ಅಂದರೆ ನೆಟ್‌ವರ್ಕ್ ಇರುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇದ್ದವರು ವೀಸಾ ವಿಚಾರವನ್ನು ಮೊದಲು ಮುಗಿಸಿ. ಮಕ್ಕಳಿದ್ದರೆ ಜನನ ಪ್ರಮಾಣಪತ್ರದ ದೃಢೀಕರಿಸಿದ ಪ್ರತಿ ಜೊತೆಗಿರಲಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆಯ ನಿಯಮವನ್ನು ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ. ಹೋಗುವಾಗ ಮಾತ್ರ ಅಲ್ಲ, ಭಾರತಕ್ಕೆ ವಾಪಸ್ ಬರುವಾಗಲೂ ಕೇಳಬಹುದು. ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಕೂಡ ಮಾಡಿಸಿಕೊಂಡರೆ ನಿಶ್ಚಿಂತೆ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಅದೊಂದು ಸಮಾಧಾನ.

ಗಾಡಿ

ಫೋರ್ ವೀಲ್ ಡ್ರೈವ್ ಇರಲೇಬೇಕು. ಅದೂ ಲೋ ರೇಂಜ್ ಗೇರ್ ಇರುವ, ನೆಲದಿಂದ ಎತ್ತರವಾಗಿರುವ ಗಾಡಿ. ಮೊರೆಮಿಗೆ ಹತ್ತಿರದ ಪಟ್ಟಣ ಮಾವುನ್, ಕಸಾನೆ, ಜೊಹಾನ್ಸ್‌ಬರ್ಗ್‌ನಲ್ಲಿ ಹೈಲಕ್ಸ್, ಲ್ಯಾಂಡ್ ಕ್ರೂಸರ್‌ಗಳು ಬಾಡಿಗೆಗೆ ಸಿಗುತ್ತವೆ. ಮಾಡಿನ ಮೇಲೆ ಬಿಚ್ಚಿಕೊಳ್ಳುವ ಟೆಂಟ್, ಫ್ರಿಜ್, ಗ್ಯಾಸ್, ಪಾತ್ರೆ, ಕುರ್ಚಿ ಎಲ್ಲ ಅದರಲ್ಲೇ ಬರುತ್ತದೆ.

ಗಾಡಿ ಕೈಗೆ ಕೊಡುವಾಗ ಅವರು ಅವಸರ ಮಾಡುತ್ತಾರೆ. ನೀವು ಮಾಡಬೇಡಿ. ಪ್ರತಿಯೊಂದನ್ನೂ ಅವರೆದುರೇ ಬಳಸಿ ನೋಡಿ. ಒಂದು ಸಲ ನಾನು ಪಟ್ಟಿಯಲ್ಲಿ 'ಜ್ಯಾಕ್ ಇದೆ' ಎಂದು ಟಿಕ್ ಹಾಕಿ ಹೊರಟೆ. ಮರಳಿನಲ್ಲಿ ಟೈರ್ ಬದಲಿಸುವಾಗ ಅದರ ಪಿನ್ ತುಕ್ಕು ಹಿಡಿದು ಅಲುಗಾಡಲಿಲ್ಲ. ಹಿಂದೆ ಬಂದ ನಮೀಬಿಯಾದ ಕುಟುಂಬವೊಂದು ತಮ್ಮ ಜ್ಯಾಕ್ ಕೊಟ್ಟಿದ್ದರಿಂದ ಉಳಿದೆವು. ಅವರು ಬರದೇ ಇದ್ದಿದ್ದರೆ ಆ ರಾತ್ರಿ ದಾರಿಯಲ್ಲೇ. ಆವತ್ತಿನಿಂದ ಜ್ಯಾಕ್ ಎತ್ತಿ ಇಳಿಸಿ, ಕಂಪ್ರೆಸರ್‌ನಿಂದ ಒಂದು ಟೈರಿಗೆ ಗಾಳಿ ತುಂಬಿ, ಟೆಂಟನ್ನು ಪೂರ್ತಿ ಬಿಚ್ಚಿ ಜಿಪ್ ಎಳೆದು ನೋಡದೆ ಸಹಿ ಹಾಕುವುದಿಲ್ಲ. ಟೆಂಟಿನ ಜಿಪ್ ಕೆಟ್ಟಿದ್ದರೆ ಆ ಗಾಡಿಯೇ ಬೇಡ ಎನ್ನಿ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಇರಲೇಬೇಕಾದವು: ಸ್ಟೆಪ್ನಿ ಎರಡು, ಕಂಪ್ರೆಸರ್, ಗಾಳಿ ಅಳೆಯುವ ಮೀಟರ್, ಸನಿಕೆ, ಮರಳಿನಲ್ಲಿ ಚಕ್ರದಡಿ ಇಡುವ ಹಲಗೆ, ಎಳೆಯುವ ಪಟ್ಟಿ, ರೇಡಿಯೇಟರ್ ಮುಂದೆ ಕಟ್ಟುವ ಬಲೆ, ಬೆಂಕಿ ಆರಿಸುವ ಸಿಲಿಂಡರ್. ದಾರಿ ತೋರಿಸಲು ಟ್ರ್ಯಾಕ್ಸ್ ಫಾರ್ ಆಫ್ರಿಕಾದ ನಕ್ಷೆ. ಆಗುವುದಾದರೆ ಸ್ಯಾಟಲೈಟ್ ಫೋನ್ ಬಾಡಿಗೆಗೆ ತನ್ನಿ.

ಡೀಸೆಲ್ ಲೆಕ್ಕ ಹೀಗೆ. ಮಾವುನ್ ಬಿಟ್ಟರೆ ಅಭಯಾರಣ್ಯದೊಳಗೆ ಎಲ್ಲೂ ಪಂಪ್ ಇಲ್ಲ. ಮರಳಿನಲ್ಲಿ ಲೀಟರಿಗೆ ಐದಾರು ಕಿಲೋಮೀಟರ್ ಸಿಕ್ಕರೆ ಹೆಚ್ಚು. ಹೋಗಿ ಬರುವುದು 200, ಒಳಗೆ ದಿನಕ್ಕೆ 60ರಂತೆ ನಾಲ್ಕು ದಿನಕ್ಕೆ 240. ಅಲ್ಲಿಗೆ 80, 90 ಲೀಟರ್ ಆಯಿತು. ದಾರಿ ತಪ್ಪುವುದು, ನೀರು ಬಂದು ಸುತ್ತಿಕೊಂಡು ಹೋಗುವುದು ಇದ್ದದ್ದೇ. 130 ಲೀಟರ್ ಇಟ್ಟುಕೊಳ್ಳಿ.

ನೀರು, ಊಟದ ಸಾಮಾನು

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್. ಕ್ಯಾಂಪ್‌ಗಳಲ್ಲಿ ನಲ್ಲಿ ಇರುತ್ತದೆ. ಆದರೆ ಪಂಪ್ ಕೆಟ್ಟಿರುವ ದಿನವೂ ಇರುತ್ತದೆ. ನಲ್ಲಿ ನೀರನ್ನು ಸೋಸಿ ಕುದಿಸಿಯೇ ಕುಡಿಯಿರಿ.

ಊಟದ ವಿಚಾರದಲ್ಲಿ ನಾವು ಕನ್ನಡಿಗರು ಅದೃಷ್ಟವಂತರು. ಹುರಿದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹೆಸರುಬೇಳೆ, ಅಕ್ಕಿ. ಇವಕ್ಕೆ ಫ್ರಿಜ್ ಬೇಡ, ವಾಸನೆ ದೂರ ಹೋಗುವುದಿಲ್ಲ, ಇಪ್ಪತ್ತು ನಿಮಿಷದಲ್ಲಿ ಅಡುಗೆ ಆಗುತ್ತದೆ. ಅಲ್ಲಿನವರು ರಾತ್ರಿ ಎರಡೆರಡು ಗಂಟೆ ಕಾಲ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಅವರಿಗೆ ಆ ಕಾಡು ಗೊತ್ತು. ಹೊಸಬರು ಸಂಜೆ ಉಪ್ಪಿಟ್ಟು ಮಾಡಿ ಬೆಳಕಿರುವಾಗಲೇ ಉಂಡು ಪಾತ್ರೆ ತೊಳೆದಿಡುವುದು ಎಷ್ಟೋ ವಾಸಿ.

ಕಿತ್ತಳೆ, ಮೂಸಂಬಿ ಒಯ್ಯಲೇಬೇಡಿ. ಆನೆಗಳಿಗೆ ಅದರ ವಾಸನೆ ಬಹಳ ದೂರದಿಂದ ಸಿಗುತ್ತದೆ. ಜಿಂಬಾಬ್ವೆಯ ಮಾನಾ ಪೂಲ್ಸ್‌ನಲ್ಲಂತೂ ಇಂಥ ಹಣ್ಣು ಒಳಗೆ ತರುವುದನ್ನೇ ನಿಷೇಧಿಸಿದ್ದಾರೆ. ಹಣ್ಣಿನ ರುಚಿ ಕಂಡ ಆನೆ ಗಾಡಿಗಳನ್ನು ಒಡೆಯಲು ಕಲಿಯುತ್ತದೆ. ಕಲಿತ ಆನೆಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ. ನಮ್ಮ ಒಂದು ಕಿತ್ತಳೆಗೆ ಒಂದು ಆನೆ, ಯೋಚಿಸಿ.

ಸೌದೆಯನ್ನು ಕಾಡಿನೊಳಗೆ ಆರಿಸಬಾರದು. ಮಾವುನ್ ದಾಟಿ ಶೊರೊಬೆ ಕಡೆ ಹೋಗುವಾಗ ರಸ್ತೆ ಪಕ್ಕ ಊರಿನವರು ಕಟ್ಟು ಕಟ್ಟಿ ಮಾರುತ್ತಾರೆ, ಅವರಿಂದ ಕೊಳ್ಳಿ. ಗಾಡಿ ನಿಲ್ಲಿಸಿದ ಕೂಡಲೇ ರೇಟು ಕೇಳಬೇಡಿ. ಮೊದಲು ಗಂಡಸರಿಗೆ 'ದುಮೇಲಾ ರ್ರಾ', ಹೆಂಗಸರಿಗೆ 'ದುಮೇಲಾ ಮ್ಮಾ' ಎನ್ನಿ. ನಮಸ್ಕಾರ ಹೇಳದೆ ಮಾತು ಶುರು ಮಾಡುವುದು ಅಲ್ಲಿ ಒರಟುತನ. ಮೋಪಾನೆ ಎಂಬ ಮರದ ಸೌದೆ ಕೇಳಿ. ಒಳ್ಳೆ ಪರಿಮಳ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಮಾವುನ್‌ನಿಂದ ಕ್ಯಾಂಪ್‌ಗೆ

ಮಾವುನ್‌ನಿಂದ ದಕ್ಷಿಣ ಗೇಟ್ ಸುಮಾರು 100 ಕಿಲೋಮೀಟರ್. ಅರ್ಧ ದಾರಿ ಪರವಾಗಿಲ್ಲ. ಆಮೇಲೆ ಜಲ್ಲಿ, ಕೊನೆಗೆ ಮರಳು. ಬೆಳಿಗ್ಗೆ ಎಂಟಕ್ಕೆ ಹೊರಡಿ. ಗೇಟಿನಿಂದ ಥರ್ಡ್ ಬ್ರಿಡ್ಜ್ ಬರೀ 50 ಕಿಲೋಮೀಟರ್, ಆದರೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಒಳಗೆ ಗಂಟೆಗೆ 40 ಕಿಲೋಮೀಟರ್ ಮಿತಿ. ಎಷ್ಟೋ ಕಡೆ ಹದಿನೈದರ ಮೇಲೆ ಹೋಗುವುದೂ ಕಷ್ಟ. ಯಾವ ಕ್ಯಾಂಪ್ ಆದರೂ ಮಧ್ಯಾಹ್ನ ಮೂರೂವರೆ, ನಾಲ್ಕಕ್ಕೆ ತಲುಪುವ ಹಾಗೆ ಲೆಕ್ಕ ಹಾಕಿ. ಜೂನ್‌ನಲ್ಲಿ ಆರು ಗಂಟೆಗೆ ಸೂರ್ಯ ಮುಳುಗಿಯೇ ಬಿಟ್ಟಿರುತ್ತಾನೆ. ಕತ್ತಲು ಬೇಗ ಇಳಿಯುತ್ತದೆ. ರಾತ್ರಿ ಗಾಡಿ ಓಡಿಸುವುದು ನಿಷಿದ್ಧ.

ಮರಳು ಶುರುವಾಗುವ ಕಡೆ ನಿಲ್ಲಿಸಿ ಟೈರಿನ ಗಾಳಿ ಇಳಿಸಿ. ಡಾಂಬರಿನಲ್ಲಿ 33, 35 ಇದ್ದದ್ದನ್ನು 20, 22 ಪಿಎಸ್‌ಐಗೆ ತನ್ನಿ. ಟೈರ್ ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಹೂತುಕೊಳ್ಳುವವರಲ್ಲಿ ಹೆಚ್ಚಿನವರು ಈ ಹತ್ತು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿದವರು. ಗಾಳಿ ಇಳಿಸಿದ ಮೇಲೆ ವೇಗ ಬೇಡ, ಚೂಪಾದ ತಿರುವು ಬೇಡ. ಹೂತರೆ ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಸುತ್ತ ಚೆನ್ನಾಗಿ ನೋಡಿ, ಒಬ್ಬರು ಗಾಡಿಯ ಮೇಲೆ ನಿಂತು ಕಾವಲು ಕಾಯಲಿ, ಇನ್ನೊಬ್ಬರು ಇಳಿದು ಚಕ್ರದ ಮುಂದಿನ ಮರಳು ತೆಗೆದು ಹಲಗೆ ಇಡಲಿ.

ನೀರು ಎದುರಾದರೆ? ಆಳ ನೋಡಲು ನಡೆದು ಹೋಗಿ ಎಂದು ಬೇರೆ ಕಡೆ ಹೇಳುತ್ತಾರೆ. ಇಲ್ಲಿ ನೀರಿನಲ್ಲಿ ಮೊಸಳೆ ಇದೆ, ನೀರಾನೆ ಇದೆ. ನಡೆಯಬೇಡಿ. ದಕ್ಷಿಣ ಗೇಟಿನಲ್ಲೇ ಯಾವ ದಾರಿ ತೆರೆದಿದೆ ಎಂದು ಕೇಳಿ ಬರೆದುಕೊಳ್ಳಿ. ಇನ್ನೊಂದು ಗಾಡಿ ದಾಟುವವರೆಗೆ ಕಾಯಿರಿ. ಸಂಶಯ ಇದ್ದರೆ ಹಿಂದಕ್ಕೆ ತಿರುಗಿ. ಬಾಡಿಗೆ ಗಾಡಿಯ ವಿಮೆ ಸಾಮಾನ್ಯವಾಗಿ ನೀರಿನಿಂದಾದ ಹಾನಿಗೆ ಸಿಗುವುದಿಲ್ಲ.

ಹುಲ್ಲಿನ ಮಾತು ಬೇರೆಯಾಗಿಯೇ ಹೇಳಬೇಕು. ಏಪ್ರಿಲ್‌ನಿಂದ ಜುಲೈವರೆಗೆ ದಾರಿಯ ನಡುವೆ ಎತ್ತರದ ಒಣಹುಲ್ಲು. ಗಾಡಿಯ ತಳಕ್ಕೆ ಉಜ್ಜಿ ಉಜ್ಜಿ ಅದರ ಬೀಜ, ಕಡ್ಡಿ ಸೈಲೆನ್ಸರ್ ಪೈಪಿನ ಸುತ್ತ ತುಂಬಿಕೊಳ್ಳುತ್ತದೆ. ಪೈಪ್ ಕಾದಾಗ ಹೊಗೆಯಾಡಲು ಶುರು. ಇಡೀ ಗಾಡಿ ಸುಟ್ಟುಹೋಗುವುದು ಹೀಗೆಯೇ. ಗಂಟೆಗೊಮ್ಮೆ ಬಯಲು ಜಾಗದಲ್ಲಿ ನಿಲ್ಲಿಸಿ, ಸುತ್ತ ನೋಡಿ, ಬಗ್ಗಿ ತಳ ಪರೀಕ್ಷಿಸಿ, ತಂತಿಯ ಕೊಕ್ಕೆಯಿಂದ ಹುಲ್ಲು ಎಳೆದು ತೆಗೆಯಿರಿ. ಸುಟ್ಟ ಹುಲ್ಲಿನ ವಾಸನೆ ಬಂದರೆ ಆ ಕ್ಷಣವೇ ನಿಲ್ಲಿಸಿ.

ತಲುಪಿದ ಮೇಲಿನ ಮೊದಲ ಗಂಟೆ

ಇಡೀ ದಿನದಲ್ಲಿ ಇದೇ ಮುಖ್ಯವಾದ ಗಂಟೆ. ಇಳಿದ ಕೂಡಲೇ ಕುರ್ಚಿ ಹಾಕಿ ಕೂರುವ ಆಸೆಯಾಗುತ್ತದೆ. ಬೇಡ.

ಮೊದಲು ಗಾಡಿಯಲ್ಲೇ ಕೂತು ನಿಮ್ಮ ಜಾಗವನ್ನು ಒಂದು ಸುತ್ತು ಹಾಕಿ. ಪೊದೆಯ ಹಿಂದೆ, ಮರದ ನೆರಳಲ್ಲಿ ಏನಾದರೂ ಮಲಗಿದೆಯೇ ನೋಡಿ. ಆಮೇಲೆ ನೆಲ ನೋಡಿ. ಹುಲ್ಲು ತುಳಿದು ಬೋಳಾದ, ನುಣ್ಣಗಿನ ಕಾಲುದಾರಿ ನೀರಿನ ಕಡೆ ಹೋಗುತ್ತಿದ್ದರೆ ಅದು ನೀರಾನೆಯದು ಅಥವಾ ಆನೆಯದು. ಅದರ ಮೇಲೆ ಟೆಂಟ್ ಹಾಕಿದರೆ ರಾತ್ರಿ ಅವು ಅಲ್ಲೇ ಬರುತ್ತವೆ. ನೀರಿನ ದಂಡೆಯಿಂದಲೂ ದೂರ ಇರಿ, ಎಷ್ಟೇ ಚೆಂದ ಕಂಡರೂ.

ತಲೆ ಎತ್ತಿ ಮರ ನೋಡಿ. ಲಾಲ್‌ಬಾಗ್‌ನಲ್ಲಿ ದೊಡ್ಡ ದೊಡ್ಡ ಸೌತೆಕಾಯಿಯಂಥ ಕಾಯಿ ದಾರದಲ್ಲಿ ನೇತಾಡುವ ಮರ ನೋಡಿದ್ದೀರಲ್ವಾ? ಅದರ ಮೂಲ ಈ ಆಫ್ರಿಕಾವೇ. ಒಂದು ಕಾಯಿ ಐದು ಕಿಲೋಗೂ ಜಾಸ್ತಿ ತೂಗಬಹುದು. ಅದರ ಕೆಳಗೆ ಟೆಂಟ್ ಬೇಡ. ಕಾಯಿಬಿಟ್ಟ ಜಾಲಿ ಜಾತಿಯ ಮರಗಳ ಕೆಳಗೂ ಬೇಡ. ಆನೆ ರಾತ್ರಿ ಬಂದು ಕಾಂಡಕ್ಕೆ ಹಣೆ ಒತ್ತಿ ಮರ ಅಲ್ಲಾಡಿಸಿ ಕಾಯಿ ಉದುರಿಸಿಕೊಳ್ಳುತ್ತದೆ.

ಗಾಡಿಯ ಮೂತಿ ಹೊರಗೆ ಹೋಗುವ ದಾರಿಯ ಕಡೆ ಇರಲಿ. ನೆಲದ ಟೆಂಟ್ ಇದ್ದರೆ ಗಾಡಿಯ ಬಾಗಿಲಿನಿಂದ ಎರಡು ಮೂರು ಹೆಜ್ಜೆಯಲ್ಲಿ ಹಾಕಿ. ಎರಡು ಟೆಂಟ್ ಇದ್ದರೆ ಹತ್ತಿರ ಹತ್ತಿರ ಇರಲಿ, ಮಕ್ಕಳು ಬೇರೆ ಟೆಂಟಿನಲ್ಲಿ ಬೇಡವೇ ಬೇಡ. ಬೆಂಕಿಗೆ ಕಟ್ಟಿಟ್ಟ ಜಾಗ ಇರುತ್ತದೆ, ಅಲ್ಲಿಂದ ಗಾಳಿ ಟೆಂಟಿನ ಕಡೆ ಬೀಸದ ಹಾಗೆ ಟೆಂಟಿನ ಜಾಗ ನೋಡಿಕೊಳ್ಳಿ.

ಬೆಳಕಿರುವಾಗಲೇ ಸ್ನಾನ ಮುಗಿಸಿ. ಸ್ನಾನದ ಕಟ್ಟಡಕ್ಕೆ ಒಬ್ಬರೇ ಹೋಗಬೇಡಿ. ಅಲ್ಲಿ ನೀರಿನ ಪೈಪು ಇರುತ್ತದಲ್ಲ, ಬೇಸಿಗೆಯಲ್ಲಿ ಆನೆಗಳಿಗೆ ಅದರ ಮೇಲೇ ಕಣ್ಣು. ಉತ್ತರದಲ್ಲಿ ಚೋಬೆ ಉದ್ಯಾನದ ಸವೂಟಿ ಕ್ಯಾಂಪ್‌ನಲ್ಲಿ ಆನೆಗಳು ಪೈಪ್ ಕಿತ್ತು ನೀರು ಕುಡಿಯುತ್ತಿದ್ದವು. ಕೊನೆಗೆ ಸ್ನಾನಗೃಹದ ಸುತ್ತ ಕೋಟೆಯ ಹಾಗೆ ದಪ್ಪ ಗೋಡೆ ಕಟ್ಟಬೇಕಾಯಿತು.

ಥರ್ಡ್ ಬ್ರಿಡ್ಜ್‌ನಲ್ಲಿ ಹಗಲಿನ ಕಾಟ ಬಬೂನ್‌ಗಳದು. ಗಾಡಿಯ ಕಿಟಕಿ ಒಂದು ಅಂಗುಲ ತೆರೆದಿದ್ದರೂ ಕೈ ಹಾಕುತ್ತವೆ. ಟೆಂಟಿನಲ್ಲಿ ಬಿಸ್ಕತ್ತು ಇಟ್ಟು ಹೋದರೆ ಬಟ್ಟೆ ಹರಿದು ಒಳಗೆ ಹೋಗುತ್ತವೆ. ತಿನ್ನುವ ಯಾವುದೂ ಟೆಂಟಿನಲ್ಲಿ ಇರಬಾರದು. ಟೂತ್‌ಪೇಸ್ಟ್, ಸೋಪು ಕೂಡ ಗಾಡಿಯೊಳಗೆ. ಅಂದ ಹಾಗೆ, ಆ ಸೇತುವೆ ಮೋಪಾನೆ ದಿಮ್ಮಿಗಳದು. ಕೆಳಗಿನ ನೀರು ಗಾಜಿನಷ್ಟು ತಿಳಿ. ಕಾಲು ಇಳಿಬಿಡಬೇಕು ಅನ್ನಿಸುತ್ತದೆ. ಮೊಸಳೆ ಇದೆ, ಇಳಿಬಿಡಬೇಡಿ.

ಬೆಂಕಿ, ಊಟ, ಪಾತ್ರೆ

ಐದು ಗಂಟೆಗೆ ಒಲೆ ಹಚ್ಚಿ, ಐದೂವರೆಗೆ ಊಟ. ಆರಕ್ಕೆ ಪಾತ್ರೆ ತೊಳೆದು, ಒರೆಸಿ, ಗಾಡಿಯೊಳಗೆ ಇಟ್ಟು ಬಾಗಿಲು ಹಾಕಿ. ಕಸದ ಚೀಲವೂ ಒಳಗೆ. ಚಪ್ಪಲಿ, ಶೂ, ಬೆಲ್ಟ್, ನೀರಿನ ಕ್ಯಾನು ಯಾವುದೂ ಹೊರಗಿರಬಾರದು.

ಇದನ್ನು ನಾನು ಒಂದು ಬಾಣಲೆಯಿಂದ ಕಲಿತೆ. ಎರಡನೇ ಸಲ ಹೋದಾಗ ಒಗ್ಗರಣೆ ಹಾಕಿದ ಬಾಣಲೆಯನ್ನು ಬೆಳಿಗ್ಗೆ ತೊಳೆಯೋಣ ಎಂದು ಗಾಡಿಯ ಅಡಿಗೆ ತಳ್ಳಿ ಮಲಗಿದೆ. ಹನ್ನೊಂದರ ಹೊತ್ತಿಗೆ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು. ಬಲೆಯ ಕಿಟಕಿಯಿಂದ ಟಾರ್ಚ್ ಬಿಟ್ಟೆ. ಕತ್ತೆಕಿರುಬ ಬಾಣಲೆಯ ಹಿಡಿಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿತ್ತು. ಕಿವಿ ದುಂಡಗೆ, ಕತ್ತು ನನ್ನ ತೊಡೆಗಿಂತ ದಪ್ಪ. ಬೆಳಕಿಗೆ ಅದರ ಕಣ್ಣು ಒಂದು ಸಲ ಹೊಳೆಯಿತು. ಅವಸರವೇ ಇಲ್ಲದೆ ತಿರುಗಿ ನಡೆಯಿತು. ಬೆಳಿಗ್ಗೆ ಅರವತ್ತು ಹೆಜ್ಜೆ ದೂರದಲ್ಲಿ ಬಾಣಲೆ ಸಿಕ್ಕಿತು. ಅಂಚಿನಲ್ಲಿ ಹಲ್ಲಿನ ಮೂರು ಗುಂಡಿ, ಬೆರಳ ತುದಿ ಕೂರುವಷ್ಟು ಆಳ. ಒಂದು ಸಲ ಊಟ ಸಿಕ್ಕ ಜಾಗಕ್ಕೆ ಅದು ಮತ್ತೆ ಬರುತ್ತದೆ. ಮಾರನೇ ದಿನ ಅಲ್ಲಿ ಮಲಗುವವರು ಬೇರೆ ಯಾರೋ. ಆ ಯೋಚನೆ ನನ್ನನ್ನು ಬಹಳ ದಿನ ಕಾಡಿತು.

ಬೆಂಕಿ ಇದ್ದರೆ ಪ್ರಾಣಿ ಬರುವುದಿಲ್ಲ ಎಂದು ನಂಬಬೇಡಿ. ಕತ್ತೆಕಿರುಬ, ಸಿಂಹ ಬೆಂಕಿಯ ಪಕ್ಕದಲ್ಲೇ ದಾಟಿ ಹೋಗುತ್ತವೆ. ಬೆಂಕಿಯ ಉಪಯೋಗ ಬೆಳಕು, ಬಿಸಿ ಮತ್ತು ಮನಸ್ಸಿಗೆ ಒಂದಿಷ್ಟು ಸಮಾಧಾನ. ಸುತ್ತ ಕೂತಾಗ ಎಲ್ಲರೂ ಬೆಂಕಿಯನ್ನೇ ನೋಡುತ್ತಾ ಕೂರಬೇಡಿ. ಐದು ನಿಮಿಷಕ್ಕೊಮ್ಮೆ ಯಾರಾದರೂ ಒಬ್ಬರು ದೊಡ್ಡ ಟಾರ್ಚ್‌ನಿಂದ ಸುತ್ತಲೂ ನಿಧಾನವಾಗಿ ಬೆಳಕು ಹಾಯಿಸಿ. ಹೊಳೆಯುವ ಕಣ್ಣು ಕಂಡರೆ ಎದ್ದು ಗಾಡಿಯೊಳಗೆ ಹೋಗಿ. ಓಡಬೇಡಿ.

ರಾತ್ರಿ

ಎಂಟು, ಎಂಟೂವರೆಗೆ ಒಳಗೆ ಹೋಗಿಬಿಡಿ. ಜಿಪ್ಪನ್ನು ಕೊನೆಯವರೆಗೆ ಎಳೆಯಿರಿ. ಸೆಕೆ ಅಂತ ಅರ್ಧ ತೆರೆದು ಮಲಗುವುದು ಇಲ್ಲಿ ಪ್ರಾಣಕ್ಕೆ ಕುತ್ತು. ಮುಚ್ಚಿದ ಟೆಂಟ್ ಸಿಂಹಕ್ಕೆ, ಕತ್ತೆಕಿರುಬಕ್ಕೆ ಒಂದು ಗಟ್ಟಿ ವಸ್ತುವಿನ ಹಾಗೆ ಕಾಣುತ್ತದೆ. ಅದನ್ನು ಹರಿಯುವ ಯೋಚನೆ ಸಾಮಾನ್ಯವಾಗಿ ಅವಕ್ಕೆ ಬರುವುದಿಲ್ಲ. ತೆರೆದ ಬಾಗಿಲು, ಹೊರಗೆ ಚಾಚಿದ ಕಾಲು ಬೇರೆ ಮಾತು. ಆಫ್ರಿಕಾದ ಕ್ಯಾಂಪ್‌ಗಳಲ್ಲಿ ಹಾಗೆ ಮಲಗಿ ಸತ್ತವರಿದ್ದಾರೆ. ಜಿಪ್ ಚೆನ್ನಾಗಿರಬೇಕು ಎಂದು ಮೊದಲೇ ಹೇಳಿದ್ದು ಇದಕ್ಕೆ.

ಮೂತ್ರಕ್ಕೆ ಹೊರಗೆ ಹೋಗಬೇಡಿ. ಅಗಲ ಬಾಯಿಯ, ಮುಚ್ಚಳವಿರುವ ಡಬ್ಬ ಒಂದು ಒಳಗಿರಲಿ. ಹೆಂಗಸರಿಗೆ ಸಣ್ಣ ಮುಚ್ಚಳದ ಬಕೆಟ್. ಇದರಲ್ಲಿ ನಾಚಿಕೆಯೇನಿಲ್ಲ, ಅಲ್ಲಿಗೆ ಹೋಗುವ ಎಲ್ಲರೂ ಮಾಡುವುದು ಇದನ್ನೇ. ತೀರಾ ಇಳಿಯಲೇಬೇಕಾದರೆ ಮೊದಲು ಸುಮ್ನೆ ಒಂದು ನಿಮಿಷ ಕಿವಿಗೊಡಿ. ಟಾರ್ಚ್‌ನಿಂದ ಸುತ್ತ ಪೂರ್ತಿ ನೋಡಿ. ಮಾಡಿನ ಟೆಂಟಾದರೆ ಗಾಡಿಯ ಅಡಿಯನ್ನೂ, ಏಣಿಯ ಬುಡವನ್ನೂ ನೋಡಿ. ಇಬ್ಬರಾಗಿ ಇಳಿಯಿರಿ. ಗಾಡಿಯಿಂದ ಎರಡು ಹೆಜ್ಜೆ ಮೀರಬೇಡಿ. ಗಾಡಿಯ ಕೀಲಿ ಕೈಗೆಟುಕುವಲ್ಲಿರಲಿ. ಏನಾದರೂ ಆದರೆ ಹಾರ್ನ್ ಒತ್ತಬಹುದು.

ಇನ್ನು ಸದ್ದುಗಳು. ಹೊಸಬರಿಗೆ ಯಾವುದು ಯಾವುದೆಂದು ಗೊತ್ತಾಗದೇ ಇರುವುದೇ ದೊಡ್ಡ ಭಯ. ನೀರಿನ ಕಡೆಯಿಂದ ದಪ್ಪ ಗಂಟಲಲ್ಲಿ ಗೊಗ್ಗರು ನಗು ನಕ್ಕ ಹಾಗೆ ಕೇಳಿದರೆ ನೀರಾನೆ. ತಗ್ಗಿನಿಂದ ಶುರುವಾಗಿ ಮೇಲಕ್ಕೆ ಏರುವ 'ಊಊವ್ವಿಪ್' ಕತ್ತೆಕಿರುಬ. ಮರ ಗರಗಸದಲ್ಲಿ ಕೊಯ್ದ ಹಾಗೆ ಒಂದೇ ಲಯದ ಸದ್ದು ಚಿರತೆಯದು. ಸಿಂಹದ ಕೂಗು ಹಲವು ಕಿಲೋಮೀಟರ್ ದೂರದಿಂದ ಕೇಳುತ್ತದೆ, ಪಕ್ಕದಲ್ಲೇ ಇದೆ ಅನ್ನಿಸಿದರೂ ಎಷ್ಟೋ ಸಲ ದೂರದಲ್ಲೇ ಇರುತ್ತದೆ. ಎದೆಯೊಳಗೆ ಕಂಪಿಸಿದರೆ ಮಾತ್ರ ಹತ್ತಿರ.

ಆನೆಗೆ ಮಾತ್ರ ಹೆಜ್ಜೆ ಸದ್ದೇ ಇಲ್ಲ. ಹುಲ್ಲು ಕಿತ್ತ ಸಣ್ಣ ಸದ್ದು, ಹೊಟ್ಟೆಯ ಗುಡುಗುಡು, ಎಲೆ ಜಗಿಯುವುದು. ಅಷ್ಟೇ. ಒಮ್ಮೆ ಖ್ವಾಯ್‌ನಲ್ಲಿ ಬೆಳದಿಂಗಳಿತ್ತು. ಟೆಂಟಿನ ಬಟ್ಟೆಯ ಮೇಲೆ ಬಿದ್ದಿದ್ದ ಮರದ ನೆರಳು ಮೆಲ್ಲನೆ ಸರಿಯಿತು. ಮಗಳು ನನ್ನ ಕೈ ಹಿಡಿದಳು. ನೆರಳು ಮರದ್ದಾಗಿರಲಿಲ್ಲ. ಕಾಲು ಗಂಟೆ ಉಸಿರು ಬಿಗಿಹಿಡಿದು ಮಲಗಿದ್ದೆವು. ಟೆಂಟ್ ಕಟ್ಟಿದ ಹಗ್ಗದಿಂದ ಒಂದು ಮೊಳ ದೂರದಲ್ಲಿ ಪಾದ ಊರಿ ಹೋಗಿತ್ತು. ಹಗ್ಗಕ್ಕೆ ತಾಗಿರಲಿಲ್ಲ. ಬೆಳಿಗ್ಗೆ ಅವಳು ಆ ಹೆಜ್ಜೆಗುರುತಿನೊಳಗೆ ತನ್ನ ಎರಡೂ ಪಾದ ಇಟ್ಟು ನಿಂತಳು. ಇನ್ನೂ ಜಾಗ ಉಳಿದಿತ್ತು. ಇಂಥ ಹೊತ್ತಿನಲ್ಲಿ ನೀವು ಮಾಡಬೇಕಾದ್ದು ಒಂದೇ: ಸುಮ್ಮನಿರುವುದು. ಟಾರ್ಚ್ ಬೇಡ, ಕೂಗು ಬೇಡ, ಫೋಟೋದ ಫ್ಲ್ಯಾಶ್ ಬೇಡ.

ಎದುರಾಎದುರು ಸಿಕ್ಕರೆ

ಯಾವ ಪ್ರಾಣಿಯಾದರೂ ಓಡಬಾರದು. ಸಿಂಹವಾದರೆ ಮುಖ ತಿರುಗಿಸದೆ ನಿಂತು, ಕೈ ಮೇಲೆತ್ತಿ ದೊಡ್ಡವರಾಗಿ ಕಾಣಿಸಿ, ನಿಧಾನವಾಗಿ ಹಿಂದೆ ಹೆಜ್ಜೆಯಿಡಿ. ಕತ್ತೆಕಿರುಬ ಗಟ್ಟಿಯಾಗಿ ಗದರಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಚಿರತೆಯನ್ನು ದಿಟ್ಟಿಸಿ ನೋಡಬೇಡಿ. ನೀರಾನೆ ಮತ್ತು ನೀರಿನ ನಡುವೆ ಎಂದೂ ನಿಲ್ಲಬೇಡಿ, ಅದರ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿರಿ. ಆನೆ ಕಿವಿ ಅಗಲಿಸಿ ತಲೆ ಕೊಡವಿದರೆ ಅದು ಎಚ್ಚರಿಕೆ, ಗಾಡಿಯಲ್ಲಿದ್ದರೆ ದಾರಿ ಬಿಟ್ಟು ಹಿಂದೆ ಹೋಗಿ. ಒಂಟಿ ಕಾಡೆಮ್ಮೆ ಗಂಡು ಕಂಡರೆ ದೂರದಿಂದಲೇ ವಾಪಸ್.

ಹೂತ ಗಾಡಿ ಎತ್ತುವುದು, ತಳದ ಹುಲ್ಲು ತೆಗೆಯುವುದು ಇಂಥ ಅನಿವಾರ್ಯ ಕೆಲಸ ಬಿಟ್ಟರೆ ಸಫಾರಿಯಲ್ಲಿ ಗಾಡಿಯಿಂದ ಇಳಿಯುವುದು ಕ್ಯಾಂಪ್ ಮತ್ತು ಗುರುತು ಹಾಕಿದ ಪಿಕ್‌ನಿಕ್ ಜಾಗದಲ್ಲಿ ಮಾತ್ರ.

ಆರೋಗ್ಯ

ಇದು ಮಲೇರಿಯಾ ಪ್ರದೇಶ. ಚಳಿಗಾಲದಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಹೋಗುವ ಮೂರು ನಾಲ್ಕು ವಾರ ಮುಂಚೆ ವೈದ್ಯರನ್ನು ಕಂಡು ತಡೆಮಾತ್ರೆ ಬರೆಸಿಕೊಳ್ಳಿ. ವಾಪಸ್ ಬಂದ ಮೇಲೂ ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಬಂದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ. ನಮ್ಮಲ್ಲಿ ವೈರಲ್ ಜ್ವರ ಎಂದು ಸುಮ್ಮನಾಗುವವರು ಜಾಸ್ತಿ. ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪ್ಯಾರಮ್ ಜಾತಿಯದು, ಬೇಗ ಮೆದುಳಿಗೆ ಏರಬಹುದು.

ಶೂ ಹಾಕುವ ಮುಂಚೆ ಕೊಡವಿ, ಚೇಳು ಇರಬಹುದು. ಸೌದೆ ಎತ್ತುವಾಗ ಮೊದಲು ಕಡ್ಡಿಯಿಂದ ಹೊರಳಿಸಿ. ಕತ್ತಲಲ್ಲಿ ಬರಿಗಾಲು ಬೇಡ, ಪಫ್ ಆಡರ್ ಹಾವು ದಾರಿಯಲ್ಲೇ ಮಲಗಿರುತ್ತದೆ, ಹೆಜ್ಜೆ ಸದ್ದಿಗೆ ಸರಿಯುವುದಿಲ್ಲ. ಗಾಯಾಳುವನ್ನು ವಿಮಾನದಲ್ಲಿ ಸಾಗಿಸುವ ಖರ್ಚು ಕೊಡುವ ಪ್ರಯಾಣ ವಿಮೆ ಮಾಡಿಸಿ. ಇದರಲ್ಲಿ ಹಣ ಉಳಿಸಬೇಡಿ.

ಹೊರಡುವ ದಿನ

ಬೆಳಿಗ್ಗೆ ಟೆಂಟಿನಿಂದ ಇಳಿಯುವ ಮುಂಚೆಯೂ ಅದೇ ಕ್ರಮ: ಕಿವಿಗೊಡಿ, ಸುತ್ತ ನೋಡಿ, ಆಮೇಲೆ ಕಾಲು ಕೆಳಗಿಡಿ. ಬೂದಿಗೆ ನೀರು ಸುರಿದು ಕೈ ಇಟ್ಟು ನೋಡಿ, ಬಿಸಿ ಇದ್ದರೆ ಇನ್ನೊಂದು ಸಲ ಸುರಿಯಿರಿ. ಮರಳು ಮುಚ್ಚಿದರೆ ಸಾಲದು, ಒಳಗೆ ಕೆಂಡ ಉಳಿದು ಮಾರನೇ ದಿನ ಯಾರದೋ ಮಗುವಿನ ಪಾದ ಸುಡುತ್ತದೆ. ಅನ್ನದ ಅಗುಳು, ಈರುಳ್ಳಿ ಸಿಪ್ಪೆ, ಟಿಶ್ಯೂ ಎಲ್ಲ ಆರಿಸಿ ಚೀಲಕ್ಕೆ ಹಾಕಿ ಮಾವುನ್‌ವರೆಗೂ ತನ್ನಿ. ಗಾಡಿಯ ಅಡಿಯ ಹುಲ್ಲು ಇನ್ನೊಮ್ಮೆ ನೋಡಿ.

ಮಾವುನ್ ಕಡೆ ಹೋಗುವ ದಾರಿಯಲ್ಲಿ ಪಶುರೋಗ ತಡೆಯ ಬೇಲಿ ಬರುತ್ತದೆ. ಕಾಡೆಮ್ಮೆಗಳಿಂದ ಊರ ದನಗಳಿಗೆ ಕಾಲುಬಾಯಿ ಜ್ವರ ಹರಡದಿರಲಿ ಎಂದು ಹಾಕಿದ್ದು. ಹಸಿ ಮಾಂಸ ಉಳಿದಿದ್ದರೆ ಅಲ್ಲಿ ತೆಗೆದುಕೊಳ್ಳುತ್ತಾರೆ. ಶೂಗಳನ್ನು ಔಷಧಿ ನೀರಿನಲ್ಲಿ ಅದ್ದಿಸುತ್ತಾರೆ. ಬಚ್ಚಿಡಬೇಡಿ, ವಾದ ಮಾಡಬೇಡಿ. ದನವೇ ಅಲ್ಲಿನವರ ಆಸ್ತಿ. ಕಾವಲುಗಾರರಿಗೂ ಒಂದು 'ದುಮೇಲಾ ರ್ರಾ' ಹೇಳಿ, ಕೆಲಸ ಮುಗಿದ ಮೇಲೆ 'ಕೆ ಆ ಲೆಬೋಖಾ' ಎಂದು ಥ್ಯಾಂಕ್ಸ್ ಹೇಳಿ. ಮರಳು ಮುಗಿದು ಗಟ್ಟಿ ರಸ್ತೆ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ ನಾಲ್ಕೂ ಟೈರಿಗೆ ಗಾಳಿ ತುಂಬಿಸಿ. ಮೆತ್ತಗಿನ ಟೈರಿನಲ್ಲಿ ಡಾಂಬರಿನ ಮೇಲೆ ಜೋರಾಗಿ ಹೋದರೆ ಟೈರ್ ಕಾದು ಸಿಡಿಯುತ್ತದೆ. ಆಮೇಲೆ ಆ ರಸ್ತೆಯಲ್ಲಿ 80ರ ಮೇಲೆ ಹೋಗಬೇಡಿ. ಊರುಗಳ ಹತ್ತಿರ ಕತ್ತೆಗಳು, ದನಗಳು ರಸ್ತೆ ಮಧ್ಯದಲ್ಲೇ ನಿಂತಿರುತ್ತವೆ.